ಸ್ಲ್ಯಾಬ್ ಸಿಟಿಯಲ್ಲಿ ಬಾಡಿಗೆ ಇಲ್ಲದೆ ಇರಬಹುದಂತೆ, ನಿಜವೇ?

ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಒಂದು ಊರಿದೆಯಂತೆ, ಬಾಡಿಗೆ ಇಲ್ಲ, ಕರೆಂಟ್ ಬಿಲ್ ಇಲ್ಲ, ಯಾರು ಬೇಕಾದರೂ ಹೋಗಿ ಇರಬಹುದಂತೆ, ನಿಜವೇ? ಅಲ್ಲಿನ ವಿಡಿಯೋ ನೋಡಿದವರೆಲ್ಲ ಕೇಳುವ ಪ್ರಶ್ನೆ ಇದು.

ನಿಜ. ಆದರೆ ಅಲ್ಲಿ ಪುಕ್ಕಟೆ ಸಿಗುವುದು ನೆಲ ಒಂದೇ. ಕರೆಂಟ್ ಬಿಲ್ ಇಲ್ಲ, ಯಾಕೆಂದರೆ ಕರೆಂಟೇ ಇಲ್ಲ. ನಲ್ಲಿ ಇಲ್ಲ, ಒಳಚರಂಡಿ ಇಲ್ಲ, ಕಸದ ಗಾಡಿ ಬರುವುದಿಲ್ಲ. ಹೊಸಬರು ಮೊದಲು ಸೋಲಾರ್ ಪ್ಯಾನೆಲ್ ಕೊಳ್ಳುತ್ತಾರೆ, ನೀರು ಮತ್ತು ನೆರಳನ್ನು ಆಮೇಲೆ ನೋಡಿಕೊಳ್ಳೋಣ ಅಂದುಕೊಳ್ಳುತ್ತಾರೆ. ಅಲ್ಲೇ ಎಡವುವುದು. ಮೊದಲು ನೀರು, ಆಮೇಲೆ ನೆರಳು, ಕರೆಂಟ್ ಮೂರನೆಯದು.

ಜಾಗದ ಹಿನ್ನೆಲೆ ಎರಡು ಮಾತಿನಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ, ಇಂಪೀರಿಯಲ್ ಕೌಂಟಿಯ ನೈಲ್ಯಾಂಡ್ ಊರಿನ ಪಕ್ಕ ಅಮೆರಿಕದ ಮರೀನ್ ಪಡೆ ಕ್ಯಾಂಪ್ ಡನ್‌ಲಪ್ ಎಂಬ ತರಬೇತಿ ನೆಲೆ ಕಟ್ಟಿತು. ಯುದ್ಧ ಮುಗಿದ ಮೇಲೆ ಕಟ್ಟಡಗಳನ್ನು ಕಿತ್ತುಹಾಕಿದರು, ಕಾಂಕ್ರೀಟ್ ಚಪ್ಪಡಿಗಳು ಮಾತ್ರ ಉಳಿದವು. ಆ ಚಪ್ಪಡಿಗಳಿಂದಲೇ ಊರಿಗೆ ಸ್ಲ್ಯಾಬ್ ಸಿಟಿ ಎಂಬ ಹೆಸರು. ನೆಲ ಕ್ಯಾಲಿಫೋರ್ನಿಯಾ ರಾಜ್ಯದ್ದು. ಅಲ್ಲಿರುವ ಯಾರ ಹತ್ತಿರವೂ ಹಕ್ಕುಪತ್ರ ಇಲ್ಲ. ಚಳಿಗಾಲದಲ್ಲಿ ಉತ್ತರದ ಚಳಿ ತಪ್ಪಿಸಿಕೊಳ್ಳಲು ಟ್ರೇಲರ್ (ಗಾಡಿಯ ಹಿಂದೆ ಎಳೆದೊಯ್ಯುವ ಚಕ್ರದ ಮನೆ), ಮೋಟಾರ್ ಹೋಮ್ ತಂದು ನಿಲ್ಲಿಸುವವರಿಂದ ಊರು ತುಂಬುತ್ತದೆ. ಏಪ್ರಿಲ್ ಕಳೆದರೆ ಬಹುಪಾಲು ಖಾಲಿಯಾಗುತ್ತದೆ. ರಾಯಚೂರು, ಕಲಬುರಗಿಯ ಮೇ ತಿಂಗಳ 43 ಡಿಗ್ರಿ ಕಂಡವರಿಗೂ ಇಲ್ಲಿನ ಬೇಸಿಗೆ ಬೇರೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 40 ಡಿಗ್ರಿ ದಾಟುವುದು ಸಾಮಾನ್ಯ, ಎಷ್ಟೋ ದಿನ 45 ಮುಟ್ಟುತ್ತದೆ, ಅಪರೂಪಕ್ಕೆ 49.

ಹಾಗಾಗಿ ನೀರಿನ ಲೆಕ್ಕವನ್ನು ಬೇಸಿಗೆಗೇ ಹಾಕಬೇಕು. ಒಬ್ಬರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 8 ಲೀಟರ್. ಪಾತ್ರೆ, ಕೈಕಾಲು, ಒಂದು ತಂಬಿಗೆ ಲೆಕ್ಕದ ಸ್ನಾನಕ್ಕೆ ಇನ್ನೊಂದು 12. ಇಷ್ಟಕ್ಕೆ ನಿಲ್ಲಿಸುವವರು ಕೂಲರ್ ಅನ್ನು ಮರೆತಿರುತ್ತಾರೆ. ನೀರು ಆವಿಯಾಗಿಸಿ ತಂಪು ಮಾಡುವ ಡೆಸರ್ಟ್ ಕೂಲರ್ ಚಿಕ್ಕದಾದರೂ ಗಂಟೆಗೆ 4ರಿಂದ 7 ಲೀಟರ್ ಕುಡಿಯುತ್ತದೆ. 8 ಗಂಟೆ ಓಡಿಸಿದರೆ 32ರಿಂದ 56 ಲೀಟರ್. ಮನುಷ್ಯನಿಗಿಂತ ಕೂಲರ್‌ಗೇ ಹೆಚ್ಚು ನೀರು! ಒಟ್ಟು ದಿನಕ್ಕೆ 65 ಲೀಟರ್ ಇಟ್ಟುಕೊಳ್ಳಿ, ವಾರಕ್ಕೆ 450 ಲೀಟರ್ ಆಯಿತು.

ಇದನ್ನು ತುಂಬಿಡಲು ಹೆಚ್ಚಿನವರು ಬಳಸುವುದು ಕಬ್ಬಿಣದ ಪಂಜರದೊಳಗಿನ ಬಿಳಿ ಪ್ಲಾಸ್ಟಿಕ್‌ನ 1000 ಲೀಟರ್ ಐಬಿಸಿ ಟ್ಯಾಂಕ್. ಹಳೆಯದು ಕೊಳ್ಳುವಾಗ ಮೊದಲು ಅದರಲ್ಲಿ ಏನಿತ್ತು ಎಂಬ ಲೇಬಲ್ ನೋಡಿ. ತಿನ್ನುವ ಪದಾರ್ಥ ತುಂಬಿದ್ದ ಟ್ಯಾಂಕ್ ಆಗಿರಬೇಕು. ಲೇಬಲ್ ಕಿತ್ತಿದ್ದರೆ ಬಿಟ್ಟುಬಿಡಿ, ಎಷ್ಟು ತೊಳೆದರೂ ರಾಸಾಯನಿಕ ಪ್ಲಾಸ್ಟಿಕ್‌ನಿಂದ ಹೋಗುವುದಿಲ್ಲ. ತುಂಬಿದ ಟ್ಯಾಂಕ್ ಒಂದು ಟನ್‌ಗಿಂತ ಹೆಚ್ಚು ತೂಗುತ್ತದೆ. ಮೆತ್ತನೆ ಮರಳಿನ ಮೇಲಿಟ್ಟರೆ ಒಂದು ಮೂಲೆ ಕುಸಿದು ವಾಲುತ್ತದೆ. ಚಪ್ಪಡಿಯ ಮೇಲೆ ಇಡಿ. ಬಿಸಿಲು ಬಿದ್ದರೆ ಎರಡೇ ವಾರದಲ್ಲಿ ಒಳಗೆ ಹಸಿರು ಪಾಚಿ ಕಟ್ಟಬಹುದು, ಹೊರಗಿನ ಪ್ಲಾಸ್ಟಿಕ್ ಕೂಡ ಪೆಡಸಾಗುತ್ತದೆ. ಕಪ್ಪು ಹೊದಿಕೆ ಹಾಕಿ ಅದರ ಮೇಲೆ ನೆರಳು ಕೊಡಬೇಕು. ಕೆಳಗಿನ ಕವಾಟದ ರಬ್ಬರ್ ವಾಷರ್ ಒಣಗಿ ಸೋರುವುದು ಸಾಮಾನ್ಯ, ಎರಡು ಹೆಚ್ಚಿಗೆ ಇಟ್ಟುಕೊಂಡಿರಿ. ರಾತ್ರಿಯಿಡೀ ತೊಟ್ಟಿಕ್ಕಿದರೆ ಬೆಳಗಾಗುವಷ್ಟರಲ್ಲಿ ಒಂದು ದಿನದ ಕುಡಿಯುವ ನೀರು ಮರಳಿನ ಪಾಲು.

ತರುವಾಗ ಇನ್ನೊಂದು ಎಚ್ಚರ. ಸಾಧಾರಣ ಪಿಕಪ್ ಗಾಡಿ ಹೊರುವುದು 700 ಕಿಲೋ ಆಸುಪಾಸು. ಪೂರ್ತಿ ಟ್ಯಾಂಕನ್ನು ಅದರಲ್ಲಿ ತರುವಂತಿಲ್ಲ. ಅರ್ಧ ತುಂಬಿದರೆ ತಿರುವಿನಲ್ಲಿ ನೀರು ಒಂದೇ ಕಡೆ ನುಗ್ಗಿ ಗಾಡಿ ಎಳೆಯುತ್ತದೆ. 200 ಲೀಟರ್‌ನ ಎರಡು ಡ್ರಮ್ ಬಾಯಿಮಟ್ಟ ತುಂಬಿ, ಹಗ್ಗ ಬಿಗಿದು ತರುವುದೇ ಸರಿ. ಕುಡಿಯುವ ನೀರಿಗೆಂದೇ ಇರುವ ಪೈಪ್ ಬೇಕು. ತೋಟದ ಹಸಿರು ಪೈಪ್‌ನಲ್ಲಿ ಹಿಡಿದ ನೀರು ಬಿಸಿಲಿಗೆ ಪ್ಲಾಸ್ಟಿಕ್ ವಾಸನೆ ಹೊಡೆಯುತ್ತದೆ. ಮೂಲದ ಬಗ್ಗೆ ಅನುಮಾನವಿದ್ದರೆ ಸುವಾಸನೆ ಬೆರೆಸದ 6 ಶೇಕಡಾ ಬ್ಲೀಚ್ ಲೀಟರ್‌ಗೆ 2 ಹನಿ ಹಾಕಿ ಕಲಕಿ, 30 ನಿಮಿಷ ಬಿಡಬೇಕು. ನೀರು ಮಬ್ಬಾಗಿದ್ದರೆ ಬಟ್ಟೆಯಲ್ಲಿ ಸೋಸಿ, 4 ಹನಿ. ಬ್ಲೀಚ್ ಬಾಟಲಿಯೇ ಬಿಸಿಲಲ್ಲಿ ಸತ್ವ ಕಳೆದುಕೊಳ್ಳುತ್ತದೆ, ವರ್ಷಕ್ಕಿಂತ ಹಳೆಯದನ್ನು ನಂಬಬೇಡಿ. ಪಕ್ಕದಲ್ಲೇ ಕೋಚೆಲ್ಲಾ ಕಾಲುವೆ ಹರಿಯುತ್ತದೆ, ಅದರ ನೀರು ಬಳಸಬಾರದೇ ಎಂದೂ ಕೇಳುತ್ತಾರೆ. ಅದು ಶುದ್ಧೀಕರಿಸದ ನೀರಾವರಿ ನೀರು. ಅದಕ್ಕಿಂತ ಹೆಚ್ಚಿನ ಅಪಾಯ ಕಾಲುವೆಯ ಕಡಿದಾದ ದಂಡೆ. ಜಾರಿ ಬಿದ್ದರೆ ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ.

ಇನ್ನು ನೆರಳು. ಟ್ರೇಲರ್ ಅಂದರೆ ತಗಡಿನ ಡಬ್ಬಿ. ನೇರ ಬಿಸಿಲು ಬಿದ್ದ ಟ್ರೇಲರ್ ಒಳಗೆ ಯಾವ ಕೂಲರ್ ಇಟ್ಟರೂ ಸಾಲದು. ಛಾವಣಿಗೆ ಬಿಳಿ ಬಣ್ಣ ಬಳಿಯುವುದು ಮೊದಲ ಕೆಲಸ, ನಮ್ಮ ಕಡೆ ತಾರಸಿಗೆ ಸುಣ್ಣ ಹೊಡೆಯುವ ಹಾಗೆ. ಎರಡನೆಯದು ಛಾವಣಿಯ ಮೇಲೆ 30ರಿಂದ 45 ಸೆಂಟಿಮೀಟರ್ ಅಂತರ ಬಿಟ್ಟು ನೆರಳಿನ ಇನ್ನೊಂದು ಮಾಡು ಹಾಕುವುದು. ನಡುವೆ ಗಾಳಿ ಆಡಿದರಷ್ಟೇ ಪ್ರಯೋಜನ, ತಾಗಿಸಿ ಹಾಸಿದರೆ ಬಿಸಿ ನೇರವಾಗಿ ಇಳಿಯುತ್ತದೆ. ನೀಲಿ ಪ್ಲಾಸ್ಟಿಕ್ ಟಾರ್ಪಾಲಿನ್ ಬೇಡ. ಒಂದೇ ಬೇಸಿಗೆಗೆ ಎಳೆ ಎಳೆಯಾಗಿ ಉದುರುತ್ತದೆ, ಗಾಳಿ ಬೀಸಿದರೆ ಹಾಯಿಯಂತೆ ಉಬ್ಬಿ ಕಂಬಗಳನ್ನೇ ಕೀಳುತ್ತದೆ. ನರ್ಸರಿಗಳಲ್ಲಿ ಕಟ್ಟುವ ಹೆಣೆದ ಶೇಡ್ ನೆಟ್, 80ರಿಂದ 90 ಶೇಕಡಾ ಬಿಸಿಲು ತಡೆಯುವಂಥದ್ದು, ಗಾಳಿಯನ್ನು ಒಂದಿಷ್ಟು ಬಿಟ್ಟುಕೊಡುತ್ತದೆ. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಹಳೆ ಟೈರಿಗೆ ಹಗ್ಗ ಕಟ್ಟಿ, ಮರಳು ತುಂಬಿ ಅರ್ಧ ಮೀಟರ್ ಆಳಕ್ಕೆ ಹೂಳಿ. ಚಪ್ಪಡಿಯ ಮೇಲಾದರೆ 20 ಲೀಟರ್ ಬಕೆಟ್‌ಗೆ ಕಾಂಕ್ರೀಟ್ ತುಂಬಿ ಕೊಂಡಿ ಹೂತರೆ 45 ಕಿಲೋ ತೂಕದ ಲಂಗರು ಸಿಗುತ್ತದೆ.

ಪಶ್ಚಿಮದ ಗೋಡೆಯನ್ನು ಮರೆಯುವವರು ಬಹಳ. ಸಂಜೆ 4ರ ಬಿಸಿಲು ಓರೆಯಾಗಿ ಬಂದು ಮಾಡಿನ ಕೆಳಗೇ ನುಗ್ಗುತ್ತದೆ. ಆ ಕಡೆ ನೆಲದವರೆಗೆ ಪರದೆ ಬೇಕು. ಕಿಟಕಿಗೆ ಹೊಳೆಯುವ ಹಾಳೆಯನ್ನು ಗಾಜಿನ ಹೊರಗೆ ಹಾಕಿ. ಚಪ್ಪಡಿ ಕೂಡ ಹಗಲಿಡೀ ಬಿಸಿ ಕುಡಿದು ರಾತ್ರಿ 11ರವರೆಗೂ ಉಗುಳುತ್ತಿರುತ್ತದೆ. ಬೇಸಿಗೆಯಲ್ಲಿ ಅದರ ಮೇಲೆ ಚಾಪೆ ಹಾಸಿ ಮಲಗಿದರೆ ಕಾವಲಿಯ ಮೇಲೆ ಮಲಗಿದಂತೆಯೇ. ಕೆಳಗೆ ಗಾಳಿ ಆಡುವ, 40 ಸೆಂಟಿಮೀಟರ್ ಎತ್ತರದ ಮಡಚುವ ಮಂಚ ಬೇಕು.

ಕೂಲರ್ ನಂಬಬಹುದೇ? ಮಣ್ಣಿನ ಗಡಿಗೆಯ ನೀರು ಯಾಕೆ ತಣ್ಣಗಿರುತ್ತದೋ ಇದೂ ಅದೇ ವಿದ್ಯೆ, ಹಾಗಾಗಿ ಅದಕ್ಕಿರುವ ಮಿತಿಯೇ ಇದಕ್ಕೂ. ಹೊರಗೆ 42 ಡಿಗ್ರಿ, ಗಾಳಿಯ ತೇವ 15 ಶೇಕಡಾ ಇದ್ದರೆ ಒಳ್ಳೆಯ ಪ್ಯಾಡ್ ಇರುವ ಕೂಲರ್ 26ರಿಂದ 27 ಡಿಗ್ರಿಯ ಗಾಳಿ ಕೊಡುತ್ತದೆ. ತೇವ 40ಕ್ಕೆ ಏರಿದರೆ ಅದೇ ಕೂಲರ್‌ನಿಂದ ಬರುವುದು 33 ಡಿಗ್ರಿಯ ಗಾಳಿ. ಜುಲೈ, ಆಗಸ್ಟ್‌ನಲ್ಲಿ ದಕ್ಷಿಣದಿಂದ ಮಾನ್ಸೂನ್ ತೇವ ಬಂದಾಗ ಆಗುವುದು ಇದೇ. ಕೂಲರ್ ಕೆಟ್ಟಿತೆಂದು ಜನ ಬಿಚ್ಚಿ ಕೂರುತ್ತಾರೆ, ಕೆಟ್ಟಿರುವುದಿಲ್ಲ. ಒಂದು ಕಿಟಕಿ ತೆರೆದಿಡಲೇಬೇಕು, ಒದ್ದೆ ಗಾಳಿ ಹೊರಗೆ ಹೋಗದಿದ್ದರೆ ಒಳಗೇ ತೇವ ಏರುತ್ತದೆ. ಈ ಕಣಿವೆಗೆ ಬರುವುದು ಕೊಲರಾಡೊ ನದಿಯ ಗಡಸು ನೀರು, ಪ್ಯಾಡ್ ಮೇಲೆ ಬಿಳಿ ಸುಣ್ಣ ಕಟ್ಟುತ್ತದೆ. ತೊಟ್ಟಿಯ ನೀರನ್ನು ಮೂರು ದಿನಕ್ಕೊಮ್ಮೆ ಚೆಲ್ಲಿ ಹೊಸದು ತುಂಬಿ, ಚೆಲ್ಲಿದ್ದನ್ನು ಶೌಚದ ಬಕೆಟ್ ತೊಳೆಯಲು ಬಳಸಿ.

ಈಗ ಕರೆಂಟ್. ಚಳಿಗಾಲದಲ್ಲಿ 12 ವೋಲ್ಟ್‌ನ ಸಣ್ಣ ಫ್ರಿಜ್, ಮೂರು ಎಲ್‌ಇಡಿ, ಫೋನ್, ಲ್ಯಾಪ್‌ಟಾಪ್ ಸೇರಿ ದಿನಕ್ಕೆ ಸುಮಾರು 0.8 ಯೂನಿಟ್. ಬೇಸಿಗೆಯಲ್ಲಿ ಫ್ರಿಜ್ ಒಂದೇ 0.8, ಕೂಲರ್‌ನ ಫ್ಯಾನ್ ಮತ್ತು ಪಂಪ್ 80 ವಾಟ್‌ನಂತೆ 8 ಗಂಟೆಗೆ ಸುಮಾರು 0.65, ರಾತ್ರಿಯ ಫ್ಯಾನ್ ಮತ್ತು ಇತರೆ 0.5. ಒಟ್ಟು ಸುಮಾರು 2 ಯೂನಿಟ್ ಆಯಿತು. ಚಳಿಗಾಲಕ್ಕೆ 400 ವಾಟ್ ಪ್ಯಾನೆಲ್ ಸಾಕು, ಬೇಸಿಗೆಗೆ 600 ಬೇಕು. ಬಿಸಿಲು ಜಾಸ್ತಿ ಇದ್ದರೆ ಪ್ಯಾನೆಲ್ ಜಾಸ್ತಿ ಕೊಡುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಪ್ಯಾನೆಲ್‌ನ ಅಳತೆ 25 ಡಿಗ್ರಿಗೆ ಹಾಕಿದ್ದು. ಅದರ ಮೇಲೆ ಪ್ರತಿ ಡಿಗ್ರಿಗೆ ಸುಮಾರು 0.4 ಶೇಕಡಾ ಇಳಿಯುತ್ತದೆ. ಮಧ್ಯಾಹ್ನ ಪ್ಯಾನೆಲ್ ಮೈ 70 ಡಿಗ್ರಿ ಮುಟ್ಟಿದರೆ 18 ಶೇಕಡಾ ಹೋಯಿತು. ಛಾವಣಿಗೆ ಅಂಟಿಸದೆ ಅಡಿಯಲ್ಲಿ ಒಂದು ಗೇಣು ಗಾಳಿ ಬಿಡಿ. ಧೂಳನ್ನು ಬೆಳಿಗ್ಗೆ, ಗಾಜು ತಣ್ಣಗಿರುವಾಗ ಮೆದು ಬ್ರಷ್‌ನಿಂದ ಗುಡಿಸಿ.

ತಂತಿಯಲ್ಲಿ ಉಳಿತಾಯ ಮಾಡುವುದು ತೀರಾ ಸಾಮಾನ್ಯ ತಪ್ಪು. ಪ್ಯಾನೆಲ್‌ನಿಂದ ಬ್ಯಾಟರಿಗೆ 6 ಮೀಟರ್, 20 ಆಂಪಿಯರ್ ಎಂದಿಟ್ಟುಕೊಳ್ಳಿ. 6 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಹೋಗಿ ಬರುವಷ್ಟರಲ್ಲಿ 0.7 ವೋಲ್ಟ್ ಕಳೆಯುತ್ತದೆ. 16ರ ತಂತಿಯಲ್ಲಿ 0.26 ಮಾತ್ರ. 230 ವೋಲ್ಟ್‌ನ ಮನೆಯಲ್ಲಿ 0.7 ಏನೂ ಅಲ್ಲ. 12 ವೋಲ್ಟ್‌ನಲ್ಲಿ ಅಷ್ಟು ಕಳೆದರೆ ಬ್ಯಾಟರಿ ತುಂಬುವುದು ನಿಧಾನವಾಗುತ್ತದೆ. ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೇ ಇರಬೇಕು. ಫ್ಯೂಸ್‌ಗಿಂತ ಮೊದಲೇ ತಂತಿ ಎಲ್ಲಾದರೂ ಉಜ್ಜಿ ತಗಡಿಗೆ ತಾಗಿದರೆ ತಡೆಯುವವರು ಯಾರೂ ಇರುವುದಿಲ್ಲ, ಟ್ರೇಲರ್ ಹತ್ತಿಕೊಳ್ಳುತ್ತದೆ.

ಬ್ಯಾಟರಿಗೆ ಗಾಲ್ಫ್ ಗಾಡಿಯ 6 ವೋಲ್ಟ್‌ನ ಎರಡನ್ನು ಸಾಲಾಗಿ ಜೋಡಿಸುವುದು ಅಲ್ಲಿನ ಹಳೆಯ ಪದ್ಧತಿ. 220 ಆಂಪಿಯರ್ ಅವರ್‌ನ ಜೋಡಿಯಲ್ಲಿ 2.6 ಯೂನಿಟ್ ಇರುತ್ತದೆ, ಬಳಸಬೇಕಾದ್ದು ಅರ್ಧ. ಮನೆಯ ಯುಪಿಎಸ್ ಬ್ಯಾಟರಿಗೆ ನೀರು ಹಾಕಿ ರೂಢಿ ಇರುವವರಿಗೆ ಇದು ಹೊಸದಲ್ಲ. ಆದರೆ ಇಲ್ಲಿ ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡಬೇಕು, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬ್ಯಾಟರಿ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ 1.265 ಬಂದರೆ ತುಂಬಿದೆ, 1.190 ಬಂದರೆ ಅರ್ಧ. ಒಂದು ಕೋಶ ಮಾತ್ರ ಉಳಿದವುಗಳಿಗಿಂತ 0.05 ಕಡಿಮೆ ತೋರಿಸಿದರೆ ಅದು ಸಾಯುತ್ತಿದೆ. ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರ್‌ಗೆ ಉಷ್ಣಾಂಶದ ಸೆನ್ಸರ್ ಇರಲೇಬೇಕು, ಸೆನ್ಸರ್ ಬ್ಯಾಟರಿಯ ಮೈಗೆ ಅಂಟಿರಬೇಕು. 25 ಡಿಗ್ರಿಯಲ್ಲಿ 14.6 ವೋಲ್ಟ್ ಬೇಕಾದ ಬ್ಯಾಟರಿಗೆ 45 ಡಿಗ್ರಿಯಲ್ಲಿ 14.0 ಸಾಕು. ಆಗಲೂ 14.6 ಕೊಟ್ಟರೆ ನೀರು ಗುಳ್ಳೆಗಟ್ಟಿ ಅನಿಲವಾಗಿ ಹೋಗಿ ಫಲಕಗಳು ಬಯಲಾಗುತ್ತವೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ನೀರಿನ ಗೋಜಿಲ್ಲ, ಆದರೆ ಅದನ್ನೂ ನೆರಳಿನಲ್ಲಿ, ನೆಲಮಟ್ಟದಲ್ಲಿ ಇಡಬೇಕು. ಛಾವಣಿಯ ಎಸಿ ಬೇಕೆಂದರೆ ಈ ಇಡೀ ಲೆಕ್ಕ ಐದು ಪಟ್ಟಾಗುತ್ತದೆ: 1,400 ವಾಟ್, 8 ಗಂಟೆ, 11 ಯೂನಿಟ್.

ಶೌಚಕ್ಕೆ ಸರಳವಾದದ್ದೇ ಉಳಿಯುತ್ತದೆ. 20 ಲೀಟರ್ ಬಕೆಟ್, ಸೀಟ್, ಪಕ್ಕದಲ್ಲಿ ಮರದ ಹೊಟ್ಟು. ಮೂತ್ರ ಬೇರೆ ಪಾತ್ರೆಗೆ ಹೋಗುವಂತೆ ಮಾಡಿದರೆ ಮುಕ್ಕಾಲು ವಾಸನೆ ಇಲ್ಲ. ಪ್ರತಿ ಸಲ ಎರಡು ಹಿಡಿ ಹೊಟ್ಟು, ನೊಣ ಕೂರಲು ಜಾಗ ಕಾಣಬಾರದು. ತುಂಬಿದ್ದನ್ನು ಮುಚ್ಚಳವಿರುವ ಡ್ರಮ್‌ನಲ್ಲಿ ಕನಿಷ್ಠ ಒಂದು ವರ್ಷ ಬಿಡಿ, ಆಮೇಲೂ ತರಕಾರಿಗೆ ಹಾಕಬೇಡಿ. ಒಣ ಹವೆಯಲ್ಲಿ ಅದು ಬೇಗ ಒಣಗುತ್ತದೆ, ಕೊಳೆಯುವುದು ನಿಧಾನ, ಜಂತುಹುಳದ ಮೊಟ್ಟೆಗಳು ಬಹುಕಾಲ ಬದುಕುತ್ತವೆ. ಟ್ರೇಲರ್‌ನ ಮಲದ ಟ್ಯಾಂಕ್ ಬಳಸುವವರು ನೀರು ಉಳಿಸಲು ಹೋಗಿ ಕೆಡಿಸಿಕೊಳ್ಳುತ್ತಾರೆ. ತಳದಲ್ಲಿ ಸದಾ ಕೆಲವು ಲೀಟರ್ ನೀರು ಇರದಿದ್ದರೆ ಕೊಳವೆಯ ಕೆಳಗೆ ಗುಡ್ಡೆ ಕಟ್ಟಿ ಕಲ್ಲಾಗುತ್ತದೆ. ಆ ಟ್ಯಾಂಕನ್ನು ಮರಳಿಗೆ ಬಿಡುವುದು ಕಾನೂನಿಗೂ ವಿರುದ್ಧ, ಅಕ್ಕಪಕ್ಕದ ಮಕ್ಕಳಿಗೂ ದ್ರೋಹ. ಹಣ ಕೊಟ್ಟು ಖಾಲಿ ಮಾಡಿಸುವ ಜಾಗಕ್ಕೆ ಒಯ್ಯಬೇಕು.

ಕಸವನ್ನು ಸುಡಬೇಡಿ, ಪಕ್ಕದ ಊರಿಗೆ ಒಯ್ದು ಹಾಕಿ. ಟ್ರೇಲರ್‌ಗಳ ನಡುವೆ 10 ಮೀಟರ್ ಬಿಡಿ. ಡಿಸೆಂಬರ್ ರಾತ್ರಿ 5 ಡಿಗ್ರಿಗೆ ಇಳಿಯುವುದುಂಟು, ಆಗ ಪ್ರೊಪೇನ್ ಒಲೆಯನ್ನು ಒಳಗೆ ಹಚ್ಚಿ ಮಲಗಿದರೆ ಕಾರ್ಬನ್ ಮಾನಾಕ್ಸೈಡ್ ಸದ್ದಿಲ್ಲದೆ ಕೊಲ್ಲುತ್ತದೆ. ಅದರ ಅಲಾರಂ ಇಲ್ಲದೆ ಒಂದು ರಾತ್ರಿಯೂ ಬೇಡ. ಪೂರ್ವಕ್ಕಿರುವ ಚಾಕೊಲೇಟ್ ಪರ್ವತಗಳ ಕಡೆ ಬಾಂಬ್ ಅಭ್ಯಾಸದ ಮಿಲಿಟರಿ ವಲಯವಿದೆ. ಸಿಡಿಯದೆ ಬಿದ್ದ ಗುಂಡುಗಳಿರುತ್ತವೆ, ಗುಜರಿ ಆಯಲು ಆ ಕಡೆ ಕಾಲಿಡಬೇಡಿ.

ಖಾಲಿ ಕಂಡ ಜಾಗ ಖಾಲಿ ಅಲ್ಲ ಎಂಬುದೂ ಗೊತ್ತಿರಲಿ. ಟೈರುಗಳ ಸಾಲು, ಮರದ ಪ್ಯಾಲೆಟ್‌ಗಳ ಬೇಲಿ, ಕಲ್ಲಿನ ಗೆರೆ ಕಂಡರೆ ಅದು ಯಾರದೋ ಅಂಗಳ, ಮಾಲೀಕರು ಬೇಸಿಗೆಗೆ ಬೇರೆಡೆ ಹೋಗಿರಬಹುದು. ಪಕ್ಕದವರನ್ನು ಕೇಳದೆ ಗಾಡಿ ನಿಲ್ಲಿಸಬೇಡಿ. ನಮ್ಮವರಲ್ಲಿ ವೀಸಾ ಮೇಲೆ ಇರುವವರು ಇಲ್ಲಿ ನೆಲೆಸುವ ಯೋಚನೆಯನ್ನೇ ಬಿಡುವುದು ಒಳ್ಳೆಯದು, ಅಂಚೆ ವಿಳಾಸವೇ ಇಲ್ಲದ ಜಾಗ ಇದು. ನೋಡಲು ಹೋಗುವುದಾದರೆ ಲಾಸ್ ಏಂಜಲೀಸ್‌ನಿಂದ ಮೂರೂವರೆ ಗಂಟೆಯ ದಾರಿ, ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗಿ. ಲಿಯೊನಾರ್ಡ್ ನೈಟ್ ದಶಕಗಳ ಕಾಲ ಮಣ್ಣು, ಹುಲ್ಲು, ಬಣ್ಣದಿಂದ ಕಟ್ಟಿದ ಸಾಲ್ವೇಶನ್ ಮೌಂಟನ್ ಊರ ಬಾಯಲ್ಲೇ ಇದೆ. ಬಣ್ಣದ ಮೇಲೆ ಹತ್ತುವ ಮುನ್ನ ಅಲ್ಲಿರುವವರನ್ನು ಕೇಳಿ.

ಒಂದು ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗಾಡಿಯಲ್ಲಿಟ್ಟಿರಿ. ಬಿಸಿಲಿಗೆ ತಲೆಸುತ್ತು, ಸುಸ್ತು ಅಂದವರಿಗೆ ನೆರಳಿನಲ್ಲಿ ಕೂರಿಸಿ ಗುಟುಕು ಗುಟುಕಾಗಿ ಕುಡಿಸಿ. ಮೈ ಕಾದು ಮಾತು ತೊದಲಿದರೆ, ಗುರುತು ಹಿಡಿಯದಿದ್ದರೆ ಕುಡಿಸಲು ಹೋಗಬೇಡಿ. ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸುರಿದು ಗಾಳಿ ಬೀಸುತ್ತಾ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಹತ್ತಿರದ ದೊಡ್ಡ ಆಸ್ಪತ್ರೆ ಬ್ರಾಲಿಯಲ್ಲಿ, ಸುಮಾರು 35 ಕಿಲೋಮೀಟರ್. ಮನೆ ನಂಬರ್ ಇರುವುದಿಲ್ಲವಾದ್ದರಿಂದ ನೀವಿರುವ ಜಾಗದ ಜಿಪಿಎಸ್ ಅಂಕಿಗಳನ್ನು ಕಾಗದದಲ್ಲಿ ಬರೆದು ಬಾಗಿಲ ಒಳಗೆ ಅಂಟಿಸಿಡಿ. ಕರೆ ಮಾಡುವವರು ಪಕ್ಕದ ಮನೆಯವರಾದರೂ ಓದಿ ಹೇಳುವಂತಿರಲಿ.