ಚಿನ್ನದ ದ್ರಾವಣ: ಆರನೆಯ ಸಲ ಕೆಂಪು ಉಳಿಯಿತು

ಚಿನ್ನದ ನ್ಯಾನೊಕಣಗಳು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು, ರಕ್ತಕ್ಕಿಳಿದರೆ ಏನಾಗುತ್ತದೆಂದು ಮನೆಯಲ್ಲೇ ನೋಡಹೊರಟಿದ್ದೆ. ಚಿನ್ನದ ಲವಣದ ಬಿಸಿ ದ್ರಾವಣಕ್ಕೆ ಸೋಡಿಯಂ ಸಿಟ್ರೇಟ್ ಹಾಕಿ ಆ ಕಣಗಳನ್ನು ಮಾಡಿಕೊಳ್ಳುವ ಸಿಟ್ರೇಟ್ ವಿಧಾನದ ವಿವರವನ್ನು ಬಿಡುತ್ತೇನೆ. ಬಣ್ಣವಂತೂ ಪುನರ್ಪುಳಿ ಶರಬತ್ತಿನಂತೆಯೇ ಬಂದಿತ್ತು. ಮನೆಗೆ ಬಂದ ನೆಂಟರೊಬ್ಬರು ಲೋಟ ಹುಡುಕತೊಡಗಿದ ಮೇಲೆ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ರಕ್ತಕ್ಕಿಳಿದ ಕಣ ಬರಿಮೈಯಲ್ಲಿ ಉಳಿಯುವುದಿಲ್ಲ. ನೋಡನೋಡುತ್ತಿದ್ದಂತೆ ಪ್ರೋಟೀನುಗಳು ಅದಕ್ಕೆ ಮೆತ್ತಿಕೊಳ್ಳುತ್ತವೆ. ಆಮೇಲೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳಿಗೆ ಎದುರಾಗುವುದು ಚಿನ್ನವಲ್ಲ, ಆ ಹೊದಿಕೆ. ಹೊದಿಕೆ ಸರಿಯಾಗಿ ಕುಳಿತಿದ್ದರೆ ಶೇಕಡಾ 0.9ರ ಸಲೈನ್ (ಉಪ್ಪುನೀರು) ಸುರಿದರೂ ದ್ರಾವಣ ಕೆಂಪಾಗಿಯೇ ಇರಬೇಕು, ಇಲ್ಲವಾದರೆ ಕಣಗಳು ಗುಂಪುಗೂಡಿ ನೀಲಿಯಾಗಬೇಕು. ನನ್ನದು ಐದು ಸಲವೂ ನೀಲಿಯಾಯಿತು.

ಮೊದಲ ಸಂಶಯ ಹೊದಿಕೆಗೆಂದು ತರಿಸಿದ, ಆಲ್ಬುಮಿನ್ ಎಂಬ ಪ್ರೋಟೀನಿನ ಪುಡಿಯ ಮೇಲೆ ಹೋಯಿತು. ಬೆಂಗಳೂರಿನ ಅಂಗಡಿಯವರು ಶಿರಾಡಿ ಘಾಟಿಯ ಮಳೆಯ ನೆಪ ಹೇಳಿ ಮೂರು ವಾರ ಸತಾಯಿಸಿದ್ದರು, ಡಬ್ಬಿಯ ಮುಚ್ಚಳವೂ ಸಡಿಲವಾಗಿತ್ತು. ಎರಡನೆಯ ಸಂಶಯ ಗ್ಯಾರೇಜಿನಿಂದ ತಂದ, ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಮೇಲೆ. ಎರಡೂ ನಿರಪರಾಧಿಗಳು. ರಕ್ತದಲ್ಲಿ ಹೇಗೂ ಉಪ್ಪಿದೆಯಲ್ಲ ಎಂಬ ಜಾಣತನದಲ್ಲಿ ನಾನು ಪುಡಿಯನ್ನು ಸಲೈನ್‌ನಲ್ಲಿಯೇ, ಅದೂ ತೀರಾ ತೆಳ್ಳಗೆ, ಕರಗಿಸುತ್ತಿದ್ದೆ. ಪ್ರೋಟೀನ್ ಕಣವನ್ನು ಪೂರ್ತಿ ಮುಚ್ಚುವಷ್ಟರಲ್ಲಿ ಉಪ್ಪು ತನ್ನ ಕೆಲಸ ಮುಗಿಸಿರುತ್ತಿತ್ತು. 1925ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಜಿಗ್ಮಂಡಿಯವರ ‘ಚಿನ್ನದ ಸಂಖ್ಯೆ’ಯ ಪರೀಕ್ಷೆಯಲ್ಲಿಯೂ ಮೊದಲು ಪ್ರೋಟೀನ್, ಅನಂತರವೇ ಉಪ್ಪು: 10 ಮಿಲಿಲೀಟರ್ ಚಿನ್ನದ ದ್ರಾವಣಕ್ಕೆ ಶೇಕಡಾ 10ರ ಉಪ್ಪುನೀರು 1 ಮಿಲಿಲೀಟರ್ ಸೇರಿಸಿದಾಗ ಬಣ್ಣ ಬದಲಾಗದಂತೆ ತಡೆಯಲು ಕನಿಷ್ಠ ಎಷ್ಟು ಮಿಲಿಗ್ರಾಂ ಪ್ರೋಟೀನ್ ಬೇಕು ಎಂಬುದೇ ಆ ಸಂಖ್ಯೆ. ಇದನ್ನು ಓದಿಯೂ ಐದು ಸಲ ಕೆಡಿಸಿದ್ದೇನೆ. ಆರನೆಯ ಸಲ ಬರೀ ನೀರಿನಲ್ಲಿ ತುಸು ದಪ್ಪಗೆ ಕರಗಿಸಿ, ಬೆರೆಸಿ, ಹತ್ತು ನಿಮಿಷ ಕಾದು, ಕೊನೆಗೆ ಸಲೈನ್ ಹನಿಸಿದೆ. ಹನಿ ಬಿದ್ದಲ್ಲಿ ನೇರಳೆಯ ಎಳೆಯೂ ಏಳಲಿಲ್ಲ. ಮರುದಿನ ಬೆಳಿಗ್ಗೆಯೂ ಅದೇ ಕೆಂಪು.

ಆದರೆ ಆಲ್ಬುಮಿನ್ ಕಥೆಯ ಸೌಮ್ಯ ಪಾತ್ರ. ರಕ್ತದಲ್ಲಿ ಹೇರಳವಾಗಿರುವುದರಿಂದ ಅದು ಮೊದಲು ಬಂದು ಕುಳಿತರೂ, ಹೆಚ್ಚು ಬಿಗಿಯಾಗಿ ಅಂಟುವ, ಹೆಪ್ಪುಗಟ್ಟಿಸುವ ಪ್ರೋಟೀನಾದ ಫೈಬ್ರಿನೋಜೆನ್‌ನಂಥವು ಅದನ್ನು ಎಬ್ಬಿಸಿ ಜಾಗ ಹಿಡಿಯಬಲ್ಲವು; ಇದನ್ನೇ ವ್ರೋಮನ್ ಪರಿಣಾಮ ಎನ್ನುತ್ತಾರೆ. ರಕ್ತದಲ್ಲಿ ಕರಗಿರುವ ಫೈಬ್ರಿನೋಜೆನ್ನನ್ನು ಗಮನಿಸದೆ ಸುಮ್ಮನಿರುವ ಪ್ಲೇಟ್‌ಲೆಟ್, ಅದೇ ಒಂದು ಮೇಲ್ಮೈಗೆ ಅಂಟಿಕೊಂಡಿದ್ದರೆ ಹಿಡಿದುಕೊಳ್ಳುತ್ತದೆ. ಮುಂದೆ ನೋಡಬೇಕಾದದ್ದು ಇದನ್ನೇ. ಚಿನ್ನ ಮಾಡಲು ತಂದ ಸೋಡಿಯಂ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ರಕ್ತ ಹೆಪ್ಪುಗಟ್ಟದಂತೆಯೂ ತಡೆಯುವುದರಿಂದ ಹೊಸ ಖರ್ಚಿಲ್ಲ. ಆಡಿನ ರಕ್ತಕ್ಕಾಗಿ ಉಡುಪಿಯ ಮಾಂಸದಂಗಡಿಯೊಂದರಲ್ಲಿ ವಿಚಾರಿಸಿದೆ. “ಎಂತ ಮಾರಾಯ್ರೆ, ಪಲ್ಯಕ್ಕಾ?” ಎಂದು ಕೇಳಿದರು. ಹೌದೆಂದುಬಿಟ್ಟೆ.