ಬಿದಿರಿನ ಸಿಪ್ಪಿ ಕೆರೀಬ್ಯಾಡ್ರಿ

ರೆಡ್ಡಿಚ್ ಅಂದ್ರ ಇಂಗ್ಲೆಂಡಿನಾಗ ಬರ್ಮಿಂಗ್‌ಹ್ಯಾಮಿನ ದಕ್ಷಿಣಕ್ಕ ಇರೋ ಊರು. ಒಂದು ಕಾಲಕ್ಕ ದೇಶ ದೇಶಕ್ಕ ಹೊಲಿಯೋ ಸೂಜಿ ಇಲ್ಲಿಂದ ಹೋಗ್ತಿತ್ತು, ಸೂಜಿ ಬಗ್ಗಿಸಿದ್ರ ಗಾಳ ಆಗ್ತದಲ್ಲ, ಹಂಗಾಗಿ ಸೂಜಿ ಮಾಡೋರೇ ಗಾಳಕ್ಕ ಇಳಿದ್ರು, ಗಾಳದ ಬೆನ್ನಿಗೆ ಮೀನ ಹಿಡಿಯೋ ಕೋಲು, ದಾರ ಸುತ್ತೋ ರೀಲು ಎಲ್ಲಾ ಬಂತು. ಆಲ್ಕಾಕ್ಸ್, ಮಿಲ್ವರ್ಡ್ಸ್ ಅಂತ ಕಂಪನಿ ಹೆಸರಿರೋ ಹಳೇ ಬಿದಿರಿನ ಕೋಲು ಇಲ್ಲಿ ಹಳೇ ಸಾಮಾನಿನ ಸಂತಿಯೊಳಗ ಇವತ್ತಿಗೂ ಸಿಗ್ತಾವ. ನಾ ಯಾದಗಿರಿಯಂವ, ನೌಕ್ರಿಗಂತ ಬಂದು ಇಲ್ಲೇ ನಿಂತೀನಿ, ರಜಾ ಸಿಕ್ಕಾಗೆಲ್ಲ ಈ ಕೋಲು ರಿಪೇರಿ ಮಾಡ್ತೀನಿ. ಊರಿಂದ ಫೋನ್ ಮಾಡಿದೋರು ಅದರಾಗ ಏನದ ಅಂತ ಕೇಳ್ತಾರ, ಅದಕ್ಕ ಬರೀಲಕತ್ತೀನಿ.

ಭೀಮಾ ದಂಡಿಗೆ ನಾವು ಹಿಡಿತಿದ್ದ ಗಾಳದ ಕೋಲು ಇಡೀ ಬಿದಿರು. ಇದು ಹಂಗಲ್ಲ. ಬಿದಿರು ಸೀಳಿ, ಒಂದೊಂದು ಸೀಳಿಗೂ ಮೂರು ಮೂಲಿ ಬರೋ ಹಂಗ 60 ಡಿಗ್ರಿಗೆ ಹೆರೆದು, ಅಂಥ ಆರು ಸೀಳು ಕೂಡಿಸಿ ಅಂಟು ಹಾಕಿ ಒಂದು ಕೋಲು ಮಾಡ್ತಾರ, ಒಳಗ ಪೊಳ್ಳು ಇರಂಗಿಲ್ಲ, ಹೊರಗ ಆರು ಮುಖ, ಆರೂ ಮುಖಕ್ಕ ಬಿದಿರಿನ ಹೊರಸಿಪ್ಪೀನೇ ಬರ್ತದ. ತುದಿಗೆ ಹೋದಂಗ ಸೀಳು ಬೆಂಕಿಕಡ್ಡಿಗಿಂತ ಸಣ್ಣ ಆಗ್ತಾವ, ಅದನ್ನ ಕೈಲೆ ಹೆರೆದೋರ ಕಸುಬು ನೋಡಿದ್ರ ಕೈ ಮುಗೀಬೇಕು ಅನಸ್ತದ. ರಿಚರ್ಡ್ ವಾಕರ್ ಅನ್ನೋ ಮನುಷ್ಯಾ 1952ರಾಗ ರೆಡ್‌ಮೈರ್ ಕೆರೆಯೊಳಗ 44 ಪೌಂಡಿನ ಕಾರ್ಪ್ ಮೀನ ಹಿಡಿದದ್ದು ಇಂಥದೇ ಹತ್ತು ಫೂಟಿನ ಕೋಲಿನಿಂದ. ನಮ್ಮ ಲೆಕ್ಕದಾಗ 20 ಕೇಜಿ.

ನನಗ ಭಾಳ ಹಿಡಿಸಿದ ಸಂಗತಿ ಅಂದ್ರ, 19ನೇ ಶತಮಾನದಾಗ ಈ ಕೋಲಿಗೆ ಬಿದಿರು ಹೋಗ್ತಿದ್ದದ್ದು ನಮ್ಮ ದೇಶದಿಂದ, ಅದಕ್ಕ ಇವರು ಕಲ್ಕತ್ತಾ ಕೇನ್ ಅಂತಿದ್ರು. ಮುಂದ ಚೀನಾದ ಗ್ವಾಂಗ್‌ಡಾಂಗ್ ಕಡೆ ಬೆಳಿಯೋ ಟಾಂಕಿನ್ ಬಿದಿರು ಬಂತು, ಗೆಣ್ಣು ಕಡಿಮಿ, ನೆಟ್ಟಗ ಬೆಳೀತದ, ಎಲ್ಲಾರೂ ಅದಕ್ಕೇ ಹೋದ್ರು. ಆಮ್ಯಾಲ ಫೈಬರ್ ಗ್ಲಾಸ್ ಬಂದು ಬಿದಿರಿನ ಕಾಲಾನೇ ಮುಗೀತು.

ಈಗ ರಿಪೇರಿ ಮಾತು. ಬಿದಿರಿನ ಜೀವ ಇರೋದು ಹೊರಸಿಪ್ಪೀ ಕೆಳಗಿನ ನಾರಿನೊಳಗ, ಒಳಗ ಹೋದಂಗ ನಾರು ತೆಳ್ಳಗಾಗಿ ಬೆಂಡು ಉಳೀತದ. ಇದನ್ನ ನನಗ ಇಲ್ಲಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ನಮ್ಮೂರ ಮೇದಾರ ಓಣಿಯೊಳಗ ಸಣ್ಣಾಂವ ಇದ್ದಾಗಿಂದ ನೋಡೀನಿ, ತೂಕ ಹೊರೋ ಬುಟ್ಟಿಗೆ ಸಿಪ್ಪಿ ಕಡೆ ಸೀಳೇ ಬೇಕು ಅಂತಿದ್ರು. ಕಲ್ಯಾಣದಾಗ ಬುಟ್ಟಿ ಮೊರ ಹೆಣೆದು ಶರಣರ ಸಾಲಿನಾಗ ಕೂತ ಮೇದಾರ ಕೇತಯ್ಯನ ಕಾಯಕ ಅದು, ಅದರೊಳಗಿನ ತಿಳುವಳಿಕಿ ಸಣ್ಣದಲ್ಲ. ಆದ್ರ ಇಲ್ಲಿ ಎಷ್ಟೋ ಛಲೋ ಕೋಲು ಹಾಳಾಗೋದು ಹೊಸದಾಗಿ ಹೊಳೀಲಿ ಅಂತ ಸ್ಯಾಂಡ್‌ಪೇಪರ್ ಹಾಕಿ ತಿಕ್ಕೋದ್ರಿಂದ, ವಾರ್ನಿಷ್ ಜೊತಿ ನಾರೂ ಹೋಗ್ತದ, ಆಮ್ಯಾಲ ಆ ಕೋಲು ಮೆತ್ತಗ ಆಗಿಬಿಡ್ತದ, ಹೋದ ನಾರು ವಾಪಸ್ ಹಾಕ್ಲಿಕ್ಕ ಯಾರಿಂದಲೂ ಆಗಂಗಿಲ್ಲ.

ನಾ ಮೊದಲು ಕೋಲು ಕಣ್ಣಿಗೆ ಹಿಡಿದು ಸೊಟ್ಟ ನೋಡ್ತೀನಿ, ಮೆಲ್ಲಕ ಬಗ್ಗಿಸಿ ಕಿವಿ ಕೊಡ್ತೀನಿ, ಕಟಕ್ ಅಂದ್ರ ಎಲ್ಲೋ ಅಂಟು ಬಿಟ್ಟದ. ಹಳೇ ಕೋಲಿಗೆ ಸರೇಸು, ಅಂದ್ರ ದನದ ಚರ್ಮ ಎಲುಬು ಕುದಿಸಿ ಮಾಡಿದ ಅಂಟು, ಹಾಕಿರ್ತಾರ, ಅದಕ್ಕ ಹಸಿ ಆಗಂಗಿಲ್ಲ, ಉಗಿ ಹಿಡಿದು ನೆಟ್ಟಗ ಮಾಡ್ತೀನಿ ಅಂದ್ರ ಆರೂ ಸೀಳು ಬಿಚ್ಚಿಕೊಳ್ತಾವ. ಗಾಳದ ದಾರ ಹಾಯೋ ತುದಿ ರಿಂಗಿನಾಗ ಅಗೇಟ್ ಕಲ್ಲು ಇದ್ರ ಒಂದು ನೈಲಾನ್ ಕಾಲ್ಚೀಲ ಅದರೊಳಗ ಎಳೀಬೇಕು, ಎಳಿ ಸಿಕ್ಕೊಂಡ್ರ ಕಲ್ಲು ಬಿರುಕು ಬಿಟ್ಟದ, ಅಂಥ ರಿಂಗು ಗಾಳದ ದಾರ ಕತ್ತರಿಸ್ತದ. ರಿಂಗನ್ನ ಕೋಲಿಗೆ ಬಿಗಿದ ಹಳೇ ರೇಷ್ಮಿ ಕಟ್ಟು ತಗಿಯೋವಾಗ ಬ್ಲೇಡು ರಿಂಗಿನ ಲೋಹದ ಪಾದದ ಮ್ಯಾಲಷ್ಟೇ ಆಡಿಸ್ಬೇಕು, ಬಿದಿರಿಗೆ ತಾಗಬಾರದು. ಹೊಸ ರೇಷ್ಮಿ ಸುತ್ತೋದು ನನಗ ಭಾಳ ಸೇರ್ತದ, ಎಳಿಗೆ ಎಳಿ ಹತ್ತಿಸಿ, ಕಡೀಕ ಒಂದು ಕುಣಿಕಿ ಹಾಕಿ ದಾರದ ತುದಿ ಕಟ್ಟಿನ ಕೆಳಗೇ ಎಳಕೊಂಡ್ರ ಗಂಟೇ ಕಾಣಂಗಿಲ್ಲ. ಅದರ ಮ್ಯಾಲ ನೇರ ವಾರ್ನಿಷ್ ಹಚ್ಚಿದ್ರ ಬಣ್ಣ ಇಳಿದು ದಾರ ಗಾಜಿನಂಗ ಕಾಣ್ತದ, ಬಣ್ಣ ಉಳೀಬೇಕಂದ್ರ ಮೊದಲ ಅರಗಿನ ಪಾಲಿಶ್ ಹಚ್ಚಬೇಕು.

ನಮ್ಮ ಕಡೆ ಯಾರದರ ಹಳೇ ಮನಿಯೊಳಗ, ಅಟ್ಟದ ಮ್ಯಾಲ, ಮುತ್ಯಾನ ಕಾಲದ ಇಂಥ ಆರು ಮುಖದ ಕೋಲು ಬಿದ್ದಿದ್ರ ಬಿಸಲಿಗೆ ಒಣಗಿಸಬ್ಯಾಡ್ರಿ, ಎಣ್ಣಿ ಹಚ್ಚಬ್ಯಾಡ್ರಿ, ಗ್ವಾಡಿಗೆ ಓರೆಯಾಗಿ ನಿಲ್ಲಿಸಬ್ಯಾಡ್ರಿ, ಸೊಟ್ಟ ಆಗ್ತದ. ಬಟ್ಟಿ ಚೀಲದಾಗ ಹಾಕಿ ಮೊಳಿಗೆ ನೇತ ಹಾಕ್ರಿ. ಹಿಡಿಕಿ ಮ್ಯಾಲ ಮಾಡಿದೋರ ಹೆಸರು ಶಾಯಿಯಿಂದ ಬರೆದಿರಬಹುದು, ಅದರ ಫೋಟೋ ಮೊದಲ ತಗೊಂಡು ನನಗ ಕಳಿಸ್ರಿ, ವಾರ್ನಿಷ್ ಕೆರೆದ್ರ ಎಲ್ಲಾಕ್ಕಿಂತ ಮೊದಲ ಅಳಿಸಿ ಹೋಗೋದು ಆ ಹೆಸರೇ.