ಬಾಯಿಪಾಠ ಬಿಡಿಸಿದ ಮೇಲೆ ಬಂದ ಸ್ಪ್ಯಾನಿಷ್

ಬೆಳಗಾವಿಯ ಟಿಳಕವಾಡಿಯಲ್ಲಿ ನಾನು ಸ್ಪ್ಯಾನಿಷ್ ಕ್ಲಾಸ್ ತೆಗೆದುಕೊಳ್ಳುತ್ತೇನೆ. ಬರುವವರು ಹೆಚ್ಚಾಗಿ ಇಂಜಿನಿಯರಿಂಗ್ ಓದುವ ಮಕ್ಕಳು. ದೆಲೆ ಅಂದರೆ ಸ್ಪ್ಯಾನಿಷ್ ಬರುತ್ತದೆ ಅಂತ ಪ್ರಮಾಣಪತ್ರ ಕೊಡುವ ಪರೀಕ್ಷೆ. ಅದರ ಮಧ್ಯದ ಮಟ್ಟ ಬಿ-1 ಪಾಸಾಗಬೇಕು ಅಂತ ಬರುತ್ತಾರೆ. ಓದುವುದು, ಬರೆಯುವುದು ಹೇಗೋ ಬರುತ್ತದೆ. ಮಾತಿನ ಪರೀಕ್ಷೆ ಅಂದ ಕೂಡಲೇ ಬಾಯಿ ಒಣಗುತ್ತದೆ.

ಮೊದಲೆಲ್ಲ ನಾನೇ ಅವರಿಗೆ ಬರೆದು ಕೊಡುತ್ತಿದ್ದೆ. ನನ್ನ ಮನೆ, ನನ್ನ ಊರು, ನನ್ನ ಹವ್ಯಾಸ. ಬಾಯಿಪಾಠ ಮಾಡಿ ಅನ್ನುತ್ತಿದ್ದೆ. ಒಬ್ಬ ಹುಡುಗ, ಕ್ಲಾಸಿಗೇ ಜಾಣ, ಒಂದು ಸಾಲೂ ತಪ್ಪದೆ ಹೇಳುತ್ತಿದ್ದ. ಪರೀಕ್ಷೆಯಲ್ಲಿ ನಡುವೆ ಒಂದು ಪ್ರಶ್ನೆ ಬಂತಂತೆ. ಮಗ್ಗಿ ತಪ್ಪಿದಾಗ ಮತ್ತೆ ಒಂದರಿಂದ ಶುರು ಮಾಡುತ್ತೇವಲ್ಲ, ಹಾಗೇ ಮೊದಲ ಸಾಲಿಗೆ ಹೋದ. ಈ ಪರೀಕ್ಷೆಯ ಅಂಕದಲ್ಲಿ ಓದು ಬರಹ ಸೇರಿ ಒಂದು ಗುಂಪು, ಕೇಳುವುದು ಮಾತು ಸೇರಿ ಇನ್ನೊಂದು. ಎರಡರಲ್ಲೂ 50ಕ್ಕೆ 30 ಬೇಕು. ಅಲ್ಲಿ ಜಾಸ್ತಿ ಬಂದದ್ದು ಇಲ್ಲಿಗೆ ಸೇರುವುದಿಲ್ಲ. ಅವನು ನಾಪಾಸಾದ. ಆ ತಪ್ಪು ನನ್ನದು.

ಬಿ-1ರ ಮಾತಿನ ಪರೀಕ್ಷೆ 15 ನಿಮಿಷ, ನಾಲ್ಕು ಭಾಗ. ಅದಕ್ಕೂ ಮೊದಲು ತಯಾರಿಗೆ 15 ನಿಮಿಷ ಕೊಡುತ್ತಾರೆ, ಆದರೆ ಮೊದಲ ಎರಡು ಭಾಗಕ್ಕೆ ಮಾತ್ರ. ಉಳಿದ ಎರಡು, ಅಂದರೆ ಫೋಟೊ ನೋಡಿ ಹೇಳುವುದು, ಆಮೇಲೆ ಅದಕ್ಕೆ ಹೊಂದಿದ ಸಂಭಾಷಣೆ, ತಯಾರಿ ಇಲ್ಲದೆ ಅಲ್ಲಿಯೇ ಆಗಬೇಕು. ತಯಾರಿಯಲ್ಲಿ ಬರೆದುಕೊಂಡ ಚೀಟಿ ನೋಡಬಹುದು, ಓದುವಂತಿಲ್ಲ. ಅಂದರೆ ಬಾಯಿಪಾಠಕ್ಕೆ ಅಲ್ಲಿ ಜಾಗವೇ ಇಲ್ಲ.

ಮುಂದಿನ ಬ್ಯಾಚಿನಲ್ಲಿ ಒಬ್ಬ ಹುಡುಗಿ ಇದ್ದಳು. ನಿನ್ನೆ ಅಜ್ಜಿ ಏನು ಅಡುಗೆ ಮಾಡಿದರು ಅಂತ ಸ್ಪ್ಯಾನಿಷಿನಲ್ಲಿ ಕೇಳಿದೆ. ಸುಮ್ಮನೆ ಕೂತಳು. ಅದನ್ನೇ ಕನ್ನಡದಲ್ಲಿ ಕೇಳಿದೆ. 'ಜ್ವಾಳದ ರೊಟ್ಟಿ ಬಡದಿದ್ಲ್ರೀ ಮೇಡಂ, ಬದ್ನಿಕಾಯಿ ಪಲ್ಯ, ಮ್ಯಾಲೆ ಬೆಣ್ಣಿ' ಅಂದಳು. ಹೇಳುತ್ತಾ ಹೇಳುತ್ತಾ ಅಂಗೈಯಿಂದ ಬೆಂಚು ತಟ್ಟಿ ತೋರಿಸಿದಳು. ಇದನ್ನೇ ಹೇಳು ಅಂದೆ. 'ಅಯೇರ್ ಮಿ ಅಬ್ವೇಲಾ ಇಸೊ ರೊಟ್ಟಿ', ನಿನ್ನೆ ನಮ್ಮಜ್ಜಿ ರೊಟ್ಟಿ ಮಾಡಿದಳು, ಅಂದು ನಿಂತಳು. ರೊಟ್ಟಿ ಅಂದರೆ ಸ್ಪ್ಯಾನಿಷ್ ಮಾತಾಡುವವರಿಗೆ ಏನು ಗೊತ್ತು? 'ಎಸ್ ಕೊಮೊ ಉನ್ ಪಾನ್', ಒಂಥರ ಬ್ರೆಡ್ ಇದ್ದ ಹಾಗೆ, ಅಂತ ಅವಳೇ ಹುಡುಕಿಕೊಂಡಳು. ತೋರ್ತಿಯಾ ಅನ್ನಲೇ ಅಂತ ಕೇಳಿದಳು. ಮೆಕ್ಸಿಕೊದವರಿಗೆ ಅದು ನಮ್ಮ ರೊಟ್ಟಿಯ ಹಾಗೆ ತೆಳ್ಳಗಿನದು. ಸ್ಪೇನಿನವರಿಗೆ ಮೊಟ್ಟೆ, ಆಲೂಗಡ್ಡೆ ಹಾಕಿದ ಆಮ್ಲೆಟ್. ಹಾಗಾಗಿ ಪಾನ್ ಸಾಕು ಅಂದೆ.

ಅಂದಿನಿಂದ ಕ್ಲಾಸಿನಲ್ಲಿ ಇಂಗ್ಲಿಷ್ ಬಿಟ್ಟೆ. ಇದನ್ನು ಮೊದಲೇ ಮಾಡಬೇಕಿತ್ತು. 'ಐ ಲೈಕ್' ಅಂತ ಯೋಚಿಸುವ ಹುಡುಗರು 'ಯೊ ಗುಸ್ತೊ' ಅಂತ ತಪ್ಪು ಮಾಡುತ್ತಾರೆ. 'ನನಗೆ ಚಹಾ ಇಷ್ಟ' ಅಂತ ಯೋಚಿಸಿದವರಿಗೆ 'ಮೆ ಗುಸ್ತಾ ಎಲ್ ತೆ' ತಾನಾಗಿ ಬರುತ್ತದೆ. ನನಗೆ ತಲೆ ನೋಯುತ್ತದೆ ಅನ್ನುವುದಕ್ಕೂ ಅದೇ ಕಟ್ಟು: 'ಮೆ ದ್ವೇಲೆ ಲಾ ಕಬೇಸಾ'. ನಾವು ಬರುತ್ತೇನೆ ಅಂದರೆ ಸಾಕು, 'ನಾನು' ಬೇಕಿಲ್ಲ. ಸ್ಪ್ಯಾನಿಷಿನವರಿಗೂ ಬೇಕಿಲ್ಲ. ನೀನು, ನೀವು ಇದ್ದ ಹಾಗೆ ತು, ಉಸ್ತೆದ್ ಇದೆ. ಅವರ ತ ನಮ್ಮ ತ, ಇಂಗ್ಲಿಷಿನ ಟ ಅಲ್ಲ. ಇಷ್ಟೆಲ್ಲ ಕೈಯಲ್ಲಿ ಇಟ್ಟುಕೊಂಡು ಮಕ್ಕಳು ಇಂಗ್ಲಿಷಿನ ಬಾಗಿಲಿಂದ ಸುತ್ತಿ ಬರುತ್ತಿದ್ದರು. ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ವಿಷಯ ಮಾತ್ರ ಈಗಲೂ ಬಾಯಿಪಾಠ ಮಾಡಿಸುತ್ತೇನೆ. ತಡವರಿಸಿದಾಗ ಹೇಳುವ ಮಾತುಗಳು. 'ಅ ಬೇರ್' ಅಂದರೆ ನೋಡೋಣ. 'ಪ್ವೇದೆ ರೆಪೆತೀರ್, ಪೊರ್ ಫಬೋರ್' ಅಂದರೆ ಇನ್ನೊಮ್ಮೆ ಹೇಳ್ತೀರಾ ದಯವಿಟ್ಟು. ಸುಮ್ಮನೆ ಕೂರುವುದಕ್ಕಿಂತ ಕೇಳುವುದು ಎಷ್ಟೋ ವಾಸಿ ಅಲ್ವಾ?

ಪರೀಕ್ಷೆಗೆ ಮೊದಲಿನ ವಾರ ಅಣಕು ಪರೀಕ್ಷೆ ಇಡುತ್ತೇನೆ. ನಿಜ ಪರೀಕ್ಷೆಯ ಹಾಗೆ ಇಬ್ಬರು, ಒಬ್ಬರು ಮಾತಾಡಿಸಲು, ಇನ್ನೊಬ್ಬರು ಸುಮ್ಮನೆ ಕೂತು ಅಂಕ ಹಾಕಲು. ಆ ಹುಡುಗಿಯ ಸರದಿಗೆ ನಾನು ಖಡೇ ಬಜಾರಿನ ಫೋಟೊ ಕೊಟ್ಟೆ. ಅ ಬೇರ್ ಅಂದಳು. ಫೋಟೊ ಹತ್ತಿರ ಎಳೆದುಕೊಂಡಳು. ಮೂಲೆಯಲ್ಲಿ ತರಕಾರಿ ಮಾರುವ ಅಜ್ಜಿಯಿಂದ ಶುರು ಮಾಡಿದಳು.